ಮಡಿಲು ಸೀಟ್ ಬೆಲ್ಟ್ ಅಲ್ಲ

ಭಾನುವಾರ ಚಾಮುಂಡಿ ಬೆಟ್ಟಕ್ಕೋ ನಂಜನಗೂಡಿಗೋ ಹೊರಟ ಕಾರುಗಳ ಮುಂದಿನ ಸೀಟಿನಲ್ಲಿ ಹೆತ್ತವರ ತೊಡೆಯ ಮೇಲೆ ಕೂತ ಮಗು ಮೈಸೂರಿನಲ್ಲಿ ಅಪರೂಪದ ನೋಟವೇನಲ್ಲ. ಅದು ಅಪರಾಧವೂ ಹೌದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಹಾಕದೆ, ಮಕ್ಕಳ ಸೀಟಿನಲ್ಲೂ ಕೂರಿಸದೆ ಕಾರು ಓಡಿಸಿದವರಿಗೆ 1,000 ರೂಪಾಯಿ ದಂಡವಿದೆ. ಹಣ ಕಟ್ಟಿದರೆ ಲೆಕ್ಕ ಚುಕ್ತಾ; ಚಾಲಕರ ಲೈಸೆನ್ಸಿಗೆ ಈ ಕಲಮಿನಿಂದ ಯಾವ ಕುತ್ತೂ ಬರುವುದಿಲ್ಲ. ಮಗುವಿನ ಜೀವಕ್ಕೆ ಸಂಬಂಧಿಸಿದ ತಪ್ಪನ್ನು ಕಾನೂನು ಇಷ್ಟು ಹಗುರಾಗಿ ತೂಗಬಾರದು.

ಅದೇ ಕಾಯ್ದೆಯ ಇನ್ನೊಂದು ಕಲಮನ್ನು ಪಕ್ಕದಲ್ಲಿಟ್ಟರೆ ಈ ತೂಕದ ವ್ಯತ್ಯಾಸ ಗೊತ್ತಾಗುತ್ತದೆ. 194-ಡಿ ಪ್ರಕಾರ ಹೆಲ್ಮೆಟ್ ತಪ್ಪಿದರೆ ದಂಡವಷ್ಟೇ ಅಲ್ಲ, ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಈ ಹೆಲ್ಮೆಟ್ ನಿಯಮ ಅನ್ವಯಿಸುತ್ತದೆ. ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದಾದ ಅಪರಾಧಗಳನ್ನು ಹೇಳುವ 206ನೇ ಕಲಮಿನ ಪಟ್ಟಿಯಲ್ಲಿ ಅತಿವೇಗ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು ಎಲ್ಲವೂ ಇವೆ, 194-ಬಿ ಇಲ್ಲ. ಅಂದರೆ ಐದು ವರ್ಷದ ಮಗು ಹೆಲ್ಮೆಟ್ ಇಲ್ಲದೆ ಸ್ಕೂಟರಿನಲ್ಲಿ ಕೂತರೆ ಓಡಿಸುವವರ ಲೈಸೆನ್ಸಿಗೆ ಸಂಚಕಾರ. ಅದೇ ಮಗು ಬೆಂಗಳೂರು ಹೆದ್ದಾರಿಯಲ್ಲಿ ಬೆಲ್ಟ್ ಇಲ್ಲದೆ ಕಾರಿನೊಳಗೆ ನಿಂತಿದ್ದರೆ ಬರೀ ದಂಡ.

ಕಾರಿನ ಒಳಗಿರುವ ಮಗು ಸುರಕ್ಷಿತ ಎಂಬ ನಂಬಿಕೆಯೇ ಇದಕ್ಕೆ ಮೂಲವಿರಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ನಿಂತಾಗ, ಕಟ್ಟಿಲ್ಲದ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಸುಮಾರು ಹತ್ತು ಮೀಟರ್, ಅಂದರೆ ಮೂರಂತಸ್ತಿನ ಎತ್ತರದಿಂದ ಬಿದ್ದಂತೆ ಅದು. ಆ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ದೊಡ್ಡವರಿಗೆಂದು ಮಾಡಿದ ಬೆಲ್ಟ್ ಪುಟ್ಟ ಮಗುವಿನ ಕುತ್ತಿಗೆ, ಹೊಟ್ಟೆಯ ಮೇಲೆ ಹಾಯುವುದರಿಂದ ಮಕ್ಕಳ ಸೀಟೇ ಬೇಕು. ಸರಿಯಾಗಿ ಬಳಸಿದ ಮಕ್ಕಳ ಸೀಟು ಹಸುಳೆಗಳ ಸಾವನ್ನು ಸುಮಾರು ಶೇ 70ರಷ್ಟು ತಗ್ಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೇರೆ ಕಡೆ ಈ ತಪ್ಪು ಚಾಲಕರ ದಾಖಲೆಗೆ ಸೇರುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ಮೂರು ಅಂಕ, ಕೆನಡಾದ ಒಂಟಾರಿಯೊದಲ್ಲಿ ಎರಡು, ಜರ್ಮನಿಯಲ್ಲಿ ಒಂದು. ಇಂಥ ಅಂಕಗಳು ಕೂಡುತ್ತಾ ಹೋದರೆ ಲೈಸೆನ್ಸೇ ಕೈತಪ್ಪುತ್ತದೆ. ಬ್ರಿಟನ್ನಿನಲ್ಲಿ ಅಂಕವಿಲ್ಲ, ದಂಡ ಮಾತ್ರ, ನಿಜ. ಆದರೆ ಅಲ್ಲಿನ ದಂಡ 500 ಪೌಂಡ್‌ವರೆಗೆ ಹೋಗಬಹುದು. ನಮ್ಮಲ್ಲಿ ದಂಡದ ಬೆದರಿಕೆಯೂ ಸಡಿಲ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಇದ್ದ ಸಂಚಾರ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಕೊಟ್ಟಿತು. ರಿಯಾಯಿತಿಗೆ ಕಾಯಬಹುದಾದ ದಂಡ ತಿದ್ದುವುದಿಲ್ಲ. ದಾಖಲೆಯಲ್ಲಿ ಉಳಿಯುವ ಗುರುತು ತಿದ್ದುತ್ತದೆ.

ಸಾವಿರಾರು ರೂಪಾಯಿಯ ಸೀಟು ಎಲ್ಲರ ಕೈಗೆಟುಕುವುದಿಲ್ಲ, ಅಜ್ಜಿ ತಾತ ಎಲ್ಲ ಸೇರಿ ಹೊರಟಾಗ ಕಾರಿನಲ್ಲಿ ಜಾಗವೂ ಇರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಾಡಿಗೆ ಕಾರಿನ ಚಾಲಕರ ಹೊಟ್ಟೆಪಾಡು ಲೈಸೆನ್ಸನ್ನೇ ನಂಬಿದೆ ಎಂಬುದೂ ಸುಳ್ಳಲ್ಲ. ಹಾಗಾಗಿ ಮೊದಲ ತಪ್ಪಿಗೇ ಲೈಸೆನ್ಸ್ ಕಿತ್ತುಕೊಳ್ಳಬೇಕಿಲ್ಲ. ಅಮೆರಿಕದ ಕೆಲವು ರಾಜ್ಯಗಳಂತೆ, ಸೀಟು ಕೊಂಡ ರಸೀದಿ ತೋರಿಸಿದವರಿಗೆ ಮೊದಲ ದಂಡ ಮನ್ನಾ ಮಾಡಲಿ. ಹೆರಿಗೆ ಆಸ್ಪತ್ರೆಗಳಲ್ಲಿ ಸೀಟು ಬಾಡಿಗೆಗೆ ಸಿಗುವಂತಾಗಲಿ. ಮತ್ತೆ ಮತ್ತೆ ಅದೇ ತಪ್ಪು ಮಾಡಿದವರ ಹೆಸರಿನ ಮುಂದೆ ಮಾತ್ರ ಅದು ದಾಖಲಾಗಲಿ. ಬೆಲ್ಟ್ ಹಾಕಿಕೊಳ್ಳದ ದೊಡ್ಡವರು ತಮ್ಮ ಅಪಾಯವನ್ನು ತಾವೇ ಆರಿಸಿಕೊಂಡವರು. ಮಗು ಏನನ್ನೂ ಆರಿಸಿಕೊಂಡಿಲ್ಲ. ಅದರ ಪರವಾಗಿ ನಿರ್ಧರಿಸಿದವರ ಹೊಣೆ ಅವರ ಲೈಸೆನ್ಸಿನಲ್ಲಿ ಕಾಣಬೇಕು.