ಕುದುರೆಗಳು ನಡೆದ ದಾರಿಯಲ್ಲಿ ಸೈಕಲ್ ಸವಾರಿ

ನದಿಯೊಂದರ ದಡ ಹಿಡಿದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸೈಕಲ್ ತುಳಿಯುತ್ತಾ ಹೋಗಬಹುದು ಎಂದರೆ ನೀವು ನಂಬುತ್ತೀರಾ? ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಸಾವಿರಾರು ಜನರು ಹೀಗೆ ಪ್ರಯಾಣಿಸುತ್ತಾರೆ. ಅವರಲ್ಲಿ ಕ್ರೀಡಾಪಟುಗಳು ಕಡಿಮೆ. ಮಕ್ಕಳನ್ನು ಕರೆದುಕೊಂಡ ತಂದೆ ತಾಯಿ, ನಿವೃತ್ತರಾದ ದಂಪತಿ, ಅಜ್ಜ ಅಜ್ಜಿಯರೇ ಹೆಚ್ಚು.

ಡ್ಯಾನ್ಯೂಬ್ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಲ್ಲಿ ಹುಟ್ಟಿ, 10 ದೇಶಗಳನ್ನು ಸ್ಪರ್ಶಿಸಿ, ಸುಮಾರು 2,850 ಕಿ.ಮೀ. ಹರಿದು ಕಪ್ಪು ಸಮುದ್ರವನ್ನು ಸೇರುತ್ತದೆ. ಈ ದಾರಿಯಲ್ಲಿ ಅತ್ಯಂತ ಜನಪ್ರಿಯವಾದ ಭಾಗ ಜರ್ಮನಿಯ ಪಸ್ಸೌ ನಗರದಿಂದ ಆಸ್ಟ್ರಿಯದ ರಾಜಧಾನಿ ವಿಯೆನ್ನಾದವರೆಗಿನ ಸುಮಾರು 320 ಕಿ.ಮೀ. ಅವಸರವಿಲ್ಲದ ಕುಟುಂಬವೊಂದು ಅದನ್ನು ವಾರದಲ್ಲಿ ಮುಗಿಸುತ್ತದೆ. ಬನ್ನಿ, ಅದರ ಮೊದಲ ದಿನವನ್ನು ನೋಡೋಣ.

ಮೂರು ನದಿಗಳ ಊರು

ಬೆಳಿಗ್ಗೆ ನೀವು ಪಸ್ಸೌ ನಗರದ ತುದಿಯಲ್ಲಿ ನಿಂತರೆ ಮೂರು ನದಿಗಳು ಕೂಡುವುದನ್ನು ಕಾಣಬಹುದು. ಆಲ್ಪ್ಸ್ ಪರ್ವತದಿಂದ ಬರುವ ಇನ್ ನದಿಯದು ಹಸಿರು ಬಣ್ಣ. ಜೌಗು ಮಣ್ಣಿನ ಕಾಡಿನಿಂದ ಬರುವ ಇಲ್ಜ್ ನದಿಯ ನೀರು ಕಪ್ಪು. ನಡುವೆ ಡ್ಯಾನ್ಯೂಬ್. ಸಂಗಮದ ನಂತರವೂ ಸ್ವಲ್ಪ ದೂರ ಮೂರೂ ಬಣ್ಣಗಳು ಬೇರೆ ಬೇರೆಯಾಗಿಯೇ ಹರಿಯುತ್ತವೆ. ವರ್ಷದ ಸರಾಸರಿ ತೆಗೆದರೆ ಇಲ್ಲಿ ಇನ್ ನದಿ ತರುವ ನೀರೇ ತುಸು ಹೆಚ್ಚು. ಆದರೂ ಹೆಸರು ಉಳಿಯುವುದು ಡ್ಯಾನ್ಯೂಬ್‌ನದ್ದು!

ಹೊರಡುವ ಮುನ್ನ ಪುರಭವನದ ಗೋಡೆಯನ್ನೊಮ್ಮೆ ನೋಡಿ. ಶತಮಾನಗಳ ನೆರೆಯ ಮಟ್ಟವನ್ನು ಅಲ್ಲಿ ಗೆರೆ ಎಳೆದು ಗುರುತಿಸಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತು. 1501ರ ಬಳಿಕ ಅಷ್ಟು ದೊಡ್ಡ ನೆರೆ ಅಲ್ಲಿ ಬಂದಿರಲಿಲ್ಲ. ಶಾಂತವಾಗಿ ಕಾಣುವ ನದಿಯ ಇನ್ನೊಂದು ಮುಖ ಅದು.

ದಾರಿ ಎಲ್ಲಿಂದ ಬಂತು?

ಸೈಕಲ್‌ನ ಹಿಂದಿನ ಚಕ್ರದ ಎರಡೂ ಬದಿಗೆ ಚೀಲಗಳು. ಅವುಗಳಲ್ಲಿ ಬಟ್ಟೆ, ಮಳೆಯಂಗಿ, ಪುಟ್ಟ ಗ್ಯಾಸ್ ಒಲೆ, ಪಂಕ್ಚರ್ ಹಾಕುವ ಸಾಮಾನು. ಮೇಲೆ ಕಟ್ಟಿದ ಡೇರೆ. ಭಾರ ಇಷ್ಟಿದ್ದರೂ ತುಳಿಯುವುದು ಕಷ್ಟವಾಗದು. ಏಕೆಂದರೆ ದಾರಿ ನೀರಿನ ಪಕ್ಕದಲ್ಲೇ ಇದ್ದು ಬಹುತೇಕ ಸಮತಟ್ಟಾಗಿದೆ.

ಈ ದಾರಿಯನ್ನು ಮಾಡಿದ್ದು ಸೈಕಲಿಗಾಗಿ ಅಲ್ಲ. ಹಿಂದೆ ಉಪ್ಪು ಮುಂತಾದ ಸರಕು ತುಂಬಿದ ದೋಣಿಗಳು ಪ್ರವಾಹದ ಜೊತೆ ಕೆಳಗೆ ಸಾಗುತ್ತಿದ್ದವು. ಮೇಲಕ್ಕೆ ಬರಬೇಕಾದರೆ ದಡದಲ್ಲಿ ನಡೆಯುವ ಹತ್ತಾರು ಕುದುರೆಗಳು ಹಗ್ಗ ಕಟ್ಟಿ ಎಳೆಯಬೇಕಿತ್ತು. 19ನೇ ಶತಮಾನದಲ್ಲಿ ಉಗಿ ಹಡಗುಗಳು ಬಂದವು, ಕುದುರೆಗಳ ಕೆಲಸ ಹೋಯಿತು. ದಾರಿ ಮಾತ್ರ ಉಳಿಯಿತು. 1980ರ ದಶಕದಲ್ಲಿ ಅದನ್ನೇ ದುರಸ್ತಿ ಮಾಡಿ ಸೈಕಲ್ ಸವಾರರಿಗೆ ಬಿಟ್ಟುಕೊಟ್ಟರು. ಹಳೆಯದನ್ನು ಎಸೆಯದೆ ಹೊಸ ಉಪಯೋಗಕ್ಕೆ ತರುವುದು ಎಂದರೆ ಇದೇ ಅಲ್ಲವೇ?

ಸುಮಾರು 22 ಕಿ.ಮೀ. ಸಾಗುವಾಗ ಯೋಹೆನ್‌ಸ್ಟೈನ್ ಅಣೆಕಟ್ಟು ಎದುರಾಗುತ್ತದೆ. ಇದು 1950ರ ದಶಕದಲ್ಲಿ ಗಡಿಯ ಮೇಲೆಯೇ ಕಟ್ಟಿದ ವಿದ್ಯುದಾಗಾರ. ಗಡಿ ದಾಟಿದ್ದು ಅನೇಕರಿಗೆ ಒಂದು ಫಲಕದಿಂದಷ್ಟೇ ತಿಳಿಯುತ್ತದೆ. ಆದರೂ ಪಾಸ್‌ಪೋರ್ಟ್ ಜೊತೆಗಿರಲಿ, ಜರ್ಮನಿ 2015ರಿಂದ ಈ ಗಡಿಯಲ್ಲಿ ಮತ್ತೆ ತಪಾಸಣೆ ಆರಂಭಿಸಿದೆ.

ನದಿ ಹಿಂತಿರುಗುವ ಜಾಗ

ಮಧ್ಯಾಹ್ನ ದಡದ ಬೆಂಚಿನ ಮೇಲೆ ರೊಟ್ಟಿ, ಹಣ್ಣು ತಿಂದು ಮುಂದೆ ಹೋದರೆ ಶ್ಲೋಗನ್ ಎಂಬಲ್ಲಿ ವಿಚಿತ್ರ ದೃಶ್ಯ. ಗಟ್ಟಿ ಬಂಡೆಯ ಬೆಟ್ಟಗಳ ನಡುವೆ ನದಿ ಪೂರ್ತಿ ತಿರುಗಿ, ಬಂದ ದಿಕ್ಕಿಗೇ ಹೋಗುತ್ತದೆ. ಎಡದಂಡೆಯಲ್ಲಿ ಕಡಿದಾದ ಕಾಡಿನಿಂದಾಗಿ ದಾರಿ ತುಂಡಾಗುತ್ತದೆ. ಆದುದರಿಂದ ಸಣ್ಣ ದೋಣಿಗಳು ಸವಾರರನ್ನೂ ಸೈಕಲ್‌ಗಳನ್ನೂ ಹೊತ್ತೊಯ್ಯುತ್ತವೆ.

ಪಸ್ಸೌನಿಂದ ಇಲ್ಲಿಗೆ 40 ಕಿ.ಮೀ.ಗಿಂತ ತುಸು ಹೆಚ್ಚು. ಮೊದಲ ದಿನಕ್ಕೆ ಇಷ್ಟು ಸಾಕು. ನೀರಿನ ಪಕ್ಕ ಶಿಬಿರದ ಮೈದಾನವಿದೆ. ಶುಲ್ಕ ಕೊಟ್ಟು ಹೆಸರು ಬರೆಸಿದರೆ ಡೇರೆ ಹಾಕಲು ಹುಲ್ಲಿನ ಜಾಗ, ಎಲ್ಲರಿಗೂ ಸೇರಿ ಸ್ನಾನಗೃಹ, ಪಾತ್ರೆ ತೊಳೆಯುವ ಕಟ್ಟೆ ಸಿಗುತ್ತವೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ 9 ಗಂಟೆ! ಇಂತಹ ಶಿಬಿರಗಳಲ್ಲಿ ಸಾಮಾನ್ಯವಾಗಿ 10ರ ನಂತರ ಯಾರೂ ಸದ್ದು ಮಾಡುವಂತಿಲ್ಲ. ಕಸವನ್ನು ಬೇರ್ಪಡಿಸಿಯೇ ಹಾಕಬೇಕು. ಅತಿಥಿಯಾಗಿ ಹೋದವನು ಜಾಗವನ್ನು ಬಂದಾಗ ಇದ್ದಂತೆಯೇ ಬಿಟ್ಟು ಹೋಗಬೇಕೆಂಬ ಪಾಠವನ್ನು ಮಕ್ಕಳು ಇಲ್ಲಿ ಉಪದೇಶವಿಲ್ಲದೆ ಕಲಿಯುತ್ತಾರೆ.

ಜನರು ಉಳಿಸಿದ ನದಿ

ಆದರೆ ಓದುಗರೇ, ಇಷ್ಟೆಲ್ಲ ಚಂದದ ಹಿಂದೆ ಒಂದು ಬೆಲೆಯಿದೆ. ಗಡಿಯ ಯೋಹೆನ್‌ಸ್ಟೈನ್ ಸೇರಿ ಆಸ್ಟ್ರಿಯದ ಡ್ಯಾನ್ಯೂಬ್ ಮೇಲೆ 10 ವಿದ್ಯುದಾಗಾರಗಳಿವೆ. ವಿದ್ಯುತ್ ಸಿಕ್ಕಿತು, ನಿಜ. ಆದರೆ ನದಿಯ ಬಹುಭಾಗ ಸಾಲು ಕೆರೆಗಳಂತಾಯಿತು. ಇಂದು ಅಲ್ಲಿ ಡ್ಯಾನ್ಯೂಬ್ ಅಣೆಕಟ್ಟುಗಳ ತಡೆಯಿಲ್ಲದೆ ಹರಿಯುವುದು ಎರಡೇ ಕಡೆ: ವಾಹೌ ಕಣಿವೆಯಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ.

ಆ ಪೂರ್ವ ಭಾಗವೂ ಕೈತಪ್ಪಲಿತ್ತು. ಹೈನ್‌ಬುರ್ಗ್ ಬಳಿ ಇನ್ನೊಂದು ಅಣೆಕಟ್ಟಿಗಾಗಿ ನದಿಯಂಚಿನ ಕಾಡು ಕಡಿಯಲು ಹೊರಟಾಗ, 1984ರ ಡಿಸೆಂಬರ್‌ನಲ್ಲಿ ಸಾವಿರಾರು ಜನರು ಆ ಕಾಡಿಗೆ ಹೋಗಿ ಹಿಮದ ಚಳಿಯಲ್ಲಿ ಡೇರೆ ಹಾಕಿ ಕುಳಿತರು. ಪೊಲೀಸರ ಲಾಠಿಗೂ ಅವರು ಕದಲಲಿಲ್ಲ. ಸರಕಾರ ಕೆಲಸ ನಿಲ್ಲಿಸಿತು. ಮರುವರ್ಷ ನ್ಯಾಯಾಲಯವೂ ತಡೆ ನೀಡಿತು. 1996ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಡೇರೆ ಎಂದರೆ ವಿಹಾರದ ವಸ್ತು ಎಂದಷ್ಟೇ ನಾವು ತಿಳಿದಿದ್ದೇವೆ. ಆ ಚಳಿಗಾಲದಲ್ಲಿ ಅದು ಒಂದು ನದಿಯ ಕಾವಲಾಯಿತು. ವಿಯೆನ್ನಾ ದಾಟಿ ಪೂರ್ವಕ್ಕೆ ಸೈಕಲ್ ತುಳಿಯುವ ಮಕ್ಕಳು ಇಂದು ಸ್ವತಂತ್ರವಾಗಿ ಹರಿಯುವ ನೀರನ್ನು ನೋಡುತ್ತಾರೆ. ನದಿ ಒಂದು ಪೀಳಿಗೆಯ ಸೊತ್ತಲ್ಲ. ಅದನ್ನು ಅನುಭವಿಸುವ ಹಕ್ಕು ನಮಗಿದ್ದರೆ, ಮುಂದಿನವರಿಗೆ ಉಳಿಸಿ ಒಪ್ಪಿಸುವ ಹೊಣೆಯೂ ನಮ್ಮದೇ.