ಕೂಲಿ ಕೊಡದ ಅರಸನ ಅರಮನೆ

ಆಹಾರ ಇಲಾಖೆಯಲ್ಲಿ ರೇಷನ್ ಲೆಕ್ಕ ಬರೆದು ಬರೆದೇ ನಿವೃತ್ತನಾದವನು ನಾನು. ಬೈಬಲ್ಲಿನ ಯೆರೆಮೀಯ ನನಗೆ ಹಿಡಿಸಿದ್ದು ಭಕ್ತಿಯಿಂದಲ್ಲ, ಅವನ ಲೆಕ್ಕದ ಕಟ್ಟುನಿಟ್ಟಿನಿಂದ. ಪ್ರವಾದಿ ಎಂದರೆ ಕಾಲಜ್ಞಾನ ಹೇಳುವವನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮುಂದಾಗುವುದನ್ನು ಯೆರೆಮೀಯನೂ ಹೇಳಿದ, ನಿಜ. ಅದಕ್ಕಿಂತ ಮೊದಲು ಹಳೇ ಬಾಕಿ ಕೇಳಿದ.

ಕ್ರಿ.ಪೂ. 609ರಲ್ಲಿ ಯೆಹೂದದ ಅರಸ ಯೋಷೀಯ ಮೆಗಿದ್ದೋವಿನಲ್ಲಿ ಈಜಿಪ್ಟಿನವರ ಕೈಯಲ್ಲಿ ಸತ್ತ. ಮುಂದೆ ಪಟ್ಟಕ್ಕೆ ಬಂದ ಅವನ ಮಗ ಯೆಹೋಯಾಕೀಮ, ಈಜಿಪ್ಟಿಗೆ ಕಪ್ಪ ಕಟ್ಟಲು ಜನರಿಂದ ಬೆಳ್ಳಿ ಬಂಗಾರ ವಸೂಲಿ ಮಾಡಿದ. ಅಂಥ ಹೊತ್ತಿನಲ್ಲೂ ಅರಮನೆ ಕಟ್ಟಿಸಿಕೊಂಡ. ದೊಡ್ಡ ಕಿಟಕಿ, ದೇವದಾರಿನ ಹಲಗೆ, ಇಂಗಲೀಕದ ಕೆಂಪು ಬಣ್ಣ. ಕಟ್ಟಿದವರಿಗೆ ಕೂಲಿ ಮಾತ್ರ ಇಲ್ಲ. ಯೆರೆಮೀಯ ಮರ, ಬಣ್ಣ ಎಲ್ಲವನ್ನೂ ಹೆಸರು ಹಿಡಿದು ಹೇಳಿ, ಈ ಅರಸನನ್ನು ಕತ್ತೆಯ ಹೆಣದಂತೆ ಊರಬಾಗಿಲಾಚೆ ಎಳೆದು ಬಿಸಾಡುತ್ತಾರೆ ಎಂದ.

ಯೆರೆಮೀಯನ ಲಿಪಿಕಾರ ಬಾರೂಕ ಇವನ್ನೆಲ್ಲ ಸುರುಳಿಯಲ್ಲಿ ಬರೆದ. ಚಳಿಗಾಲ, ಅರಸನೆದುರು ಅಗ್ಗಿಷ್ಟಿಕೆ. ಮೂರುನಾಲ್ಕು ಅಂಕಣ ಓದುತ್ತಿದ್ದಂತೆ ಅಷ್ಟನ್ನು ಬರಹಗಾರರ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಲಾಯಿತು, ಹೀಗೇ ಕೊನೆಯವರೆಗೆ. ಬೇಡವೆಂದು ಅಂಗಲಾಚಿದವರಲ್ಲಿ ಶಾಫಾನನ ಮಗ ಗೆಮರ್ಯನೂ ಒಬ್ಬ. ಅದೇ ಹೆಸರಿನ ಮಣ್ಣಿನ ಮುದ್ರೆಯೊಂದು 1982ರಲ್ಲಿ ಜೆರುಸಲೇಮಿನ ಉತ್ಖನನದಲ್ಲಿ ಸಿಕ್ಕಿದೆ. ಕಡತ ಸುಟ್ಟರೆ ಬಾಕಿ ತೀರಿತು ಎಂದುಕೊಂಡವರನ್ನು ನನ್ನ ನೌಕರಿಯಲ್ಲೂ ಕಂಡಿದ್ದೇನೆ. ಯೆರೆಮೀಯ ಮತ್ತೆ ಬರೆಸಿದ, ಇನ್ನಷ್ಟು ಸೇರಿಸಿ.

ಯೆಹೋಯಾಕೀಮನ ನಂತರ ಹದಿನೆಂಟರ ಹುಡುಗ ಯೆಹೋಯಾಖೀನ ಆಳಿದ್ದು ಮೂರೇ ತಿಂಗಳು. ಕ್ರಿ.ಪೂ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಅವನನ್ನೂ ತಾಯಿಯನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಸೆರೆ ಒಯ್ದ. ಹತ್ತು ವರ್ಷದಲ್ಲಿ ಜೆರುಸಲೇಮೂ ಸುಟ್ಟುಹೋಯಿತು. ಈ ಹುಡುಗನ ಬಗ್ಗೆ ಯೆರೆಮೀಯನ ಮಾತು ವಿಚಿತ್ರವಾದದ್ದು: ಇವನನ್ನು ಮಕ್ಕಳಿಲ್ಲದವನೆಂದು ಬರೆದುಕೊಳ್ಳಿ, ಇವನ ಸಂತತಿಯಲ್ಲಿ ಯಾರೂ ದಾವೀದನ ಗದ್ದುಗೆ ಏರುವುದಿಲ್ಲ.

ಬಾಬೆಲಿನಲ್ಲಿ ಜರ್ಮನ್ನರು ಅಗೆದಾಗ ಸಿಕ್ಕ ಜೇಡಿಮಣ್ಣಿನ ಫಲಕಗಳನ್ನು 1939ರಲ್ಲಿ ಪ್ರಕಟಿಸಿದರು. ಅವು ಸಾಕ್ಷಾತ್ ನಮ್ಮ ರೇಷನ್ ರಿಜಿಸ್ಟರೇ! ಸೆರೆಯಲ್ಲಿದ್ದ ಯೆಹೂದದ ಅರಸನಿಗೆ ಇಷ್ಟು ಎಣ್ಣೆ, ಅವನ ಐವರು ಗಂಡುಮಕ್ಕಳಿಗೆ ಒಟ್ಟು ಎರಡೂವರೆ ಸಿಲ. ಸಿಲ ಎಂದರೆ ಸುಮಾರು ಒಂದು ಲೀಟರ್. ಕೊಂಡು ಹೋದವನ ಹೆಸರನ್ನೂ ಗುಮಾಸ್ತ ಬಿಟ್ಟಿಲ್ಲ.

ಹಾಗಾದರೆ ಪ್ರವಾದಿ ಸುಳ್ಳಾಡಿದನೇ? ಇಲ್ಲ. ಆ ಐವರಲ್ಲಿ ಒಬ್ಬನೂ ಅರಸನಾಗಲಿಲ್ಲ. ಯೆಹೋಯಾಖೀನನ ಮೊಮ್ಮಗ ಜೆರುಬ್ಬಾಬೆಲ ಜೆರುಸಲೇಮಿಗೆ ಮರಳಿದ, ಆದರೆ ಪರ್ಷಿಯಾದ ಚಕ್ರವರ್ತಿಯ ಕೈಕೆಳಗಿನ ಅಧಿಪತಿಯಾಗಿ ಮಾತ್ರ.