ಗಂಧಕದ ಗಂಟು

ಕೆಲವು ವರ್ಷಗಳ ಹಿಂದೆ ಗೋರೆಗಾಂವಿನ ನಮ್ಮ ಹೋಟೇಲಿನಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ದೋಸೆಯ ಒಲೆಗೆ ಅನಿಲವನ್ನೊಯ್ಯುವ ರಬ್ಬರಿನ ನಳಿಗೆ ಬಾಗಿದ ಜಾಗದಲ್ಲಿ ಬಿರಿಯಿತು. ಕಡ್ಡಿ ಗೀರಿದೊಡನೆ ಜ್ವಾಲೆ ಎದ್ದು ಒಲೆಯ ಮುಂದೆ ನಿಂತಿದ್ದ ತರುಣನ ಮುಂಗೈ ಸುಟ್ಟಿತು. ದೇವರ ದಯೆಯಿಂದ ಗಾಯ ಆಳವಾಗಿರಲಿಲ್ಲ. ಹದಿನೈದು ದಿನಗಳಲ್ಲಿ ಆತ ಕೆಲಸಕ್ಕೆ ಮರಳಿದನು. ಆದರೆ ನಳಿಗೆಯ ಮೈಮೇಲೆ ಅಚ್ಚಾಗಿದ್ದ ಇಸವಿಯನ್ನು ನೋಡಿದರೆ ಅದರ ಅವಧಿ ತೀರಿ ಹತ್ತು ತಿಂಗಳಾಗಿದ್ದುವು. ಬದಲಾಯಿಸಬೇಕೆಂದು ಆ ತರುಣನೇ ಎರಡು ಸಲ ನೆನಪಿಸಿದ್ದನು. ಬಿರುಕೇನೂ ಕಾಣುವುದಿಲ್ಲವಲ್ಲ, ಇನ್ನಷ್ಟು ದಿನ ನಡೆಯಲಿ ಎಂದು ಹೇಳಿದವರು ನಾವು.

ಕಣ್ಣಿಗೆ ಕಾಣದೆ ಅದರೊಳಗೆ ನಡೆದದ್ದಾದರೂ ಏನು ಎಂದು ಅಂದಿನಿಂದ ವಿಚಾರಿಸುತ್ತ ಬಂದಿದ್ದೇವೆ. ರಾತ್ರಿಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದ ನಮಗೆ ಅರ್ಥವಾದಷ್ಟನ್ನು ವಾಚಕರ ಮುಂದಿಡುತ್ತಿದ್ದೇವೆ, ಬಲ್ಲವರು ಕ್ಷಮಿಸಬೇಕು.

ರಬ್ಬರಿನ ಹಾಲನ್ನು ನಮ್ಮವರಲ್ಲಿ ಅನೇಕರು ಊರಿನಲ್ಲಿ ಕಂಡವರೇ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಆ ಮರಗಳು ತುಂಬಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಉದ್ಯೋಗ ಕೊಟ್ಟುದು ಸುಳ್ಯದ ಕಡೆಯ ಸರಕಾರಿ ರಬ್ಬರು ತೋಟಗಳೇ. ಹಾಲಿಗೆ ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ಹಾಳೆಯಾಗಿ ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿ ಪೇಟೆಗೆ ಕಳುಹಿಸುತ್ತಾರೆ. ಆ ಹಾಳೆಯಿಂದ ನೇರವಾಗಿ ಒಂದು ಬಳೆಯನ್ನು ಕತ್ತರಿಸಿ ಕುಕ್ಕರಿಗೆ ಹಾಕಿದರೆ ಕೆಲಸಕ್ಕೆ ಬಾರದು. ಬಿಸಿ ತಾಗಿದರೆ ಅಂಟಾಗುವುದು, ಚಳಿಗೆ ಬಿರುಸಾಗುವುದು. ಅದರ ಅಣುಗಳು ಬಲು ನೀಳವಾದ ಎಳೆಗಳು. ಈಗಷ್ಟೇ ಒತ್ತಿ ತಟ್ಟೆಗೆ ಬಿಟ್ಟ ಶ್ಯಾವಿಗೆಯಂತೆ ಒಂದರ ಮೇಲೊಂದು ಹೊರಳಿಕೊಂಡಿರುತ್ತವೆಯೇ ಹೊರತು ಒಂದನ್ನೊಂದು ಹಿಡಿದಿರುವುದಿಲ್ಲ.

ಅವು ಹಿಡಿದುಕೊಳ್ಳುವಂತೆ ಮಾಡಿದವನು ಅಮೇರಿಕದ ಚಾರ್ಲ್ಸ್ ಗುಡ್‌ಇಯರ್. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಅಕಸ್ಮಾತ್ತಾಗಿ ಬಿಸಿ ಒಲೆಗೆ ತಾಗಿ, ಕರಗುವುದರ ಬದಲು ಚರ್ಮದಂತೆ ಗಟ್ಟಿಯಾಯಿತೆಂದು ಪ್ರತೀತಿ. ಗಂಧಕವು ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಅಡ್ಡಗಂಟು ಹಾಕುವುದು. ಎಳೆದಾಗ ಎಳೆಗಳು ನೀಳವಾಗುವುವು, ಬಿಟ್ಟಾಗ ಗಂಟುಗಳು ಅವನ್ನು ಮೊದಲಿನ ಜಾಗಕ್ಕೆ ಸೆಳೆಯುವುವು. ಗುಡ್‌ಇಯರನಿಗೆ 1844ರಲ್ಲಿ ಸ್ವಾಮ್ಯದ ಹಕ್ಕು ದೊರೆಯಿತು. ಇಂಗ್ಲೆಂಡಿನಲ್ಲಾದರೋ ಥಾಮಸ್ ಹ್ಯಾನ್‌ಕಾಕನು ಅವನಿಗಿಂತ ಮುಂದಾದನು. 1860ರಲ್ಲಿ ಗುಡ್‌ಇಯರ್ ತೀರಿಕೊಂಡಾಗ ಉಳಿದುದು ಸಾಲ. 1898ರಲ್ಲಿ ಹುಟ್ಟಿದ ಟೈರು ಕಂಪೆನಿ ಅವನ ಹೆಸರನ್ನು ಇಟ್ಟುಕೊಂಡಿತಷ್ಟೆ, ಅವನ ಮನೆತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಂಧಕದ ಪ್ರಮಾಣವು ಅಡಿಗೆಯ ಉಪ್ಪಿನಂತೆ ಹದವಾಗಿರಬೇಕು. ನೂರು ಭಾಗ ರಬ್ಬರಿಗೆ ಒಂದರಿಂದ ಮೂರು ಭಾಗ ಸೇರಿಸಿದರೆ ಟೈರಿಗೆ ತಕ್ಕ ಮೆತುವು. ಮೂವತ್ತರ ಆಸುಪಾಸಿಗೆ ಏರಿಸಿದರೆ ಎಬೊನೈಟ್ ಎಂಬ ಕರಿಮರದಂಥ ವಸ್ತು. ಹಿರಿಯರ ಕಿಸೆಯಲ್ಲಿದ್ದ ಶಾಯಿಯ ಪೆನ್ನುಗಳಲ್ಲಿ ಎಷ್ಟೋ ಇದರವೇ.

ಟೈರಿನ ಮಾತು ಬಂದಾಗ ನಮ್ಮ ಗೋರೆಗಾಂವನ್ನು ಮರೆಯಲಾಗದು. ಪೂರ್ವಭಾಗದಲ್ಲಿ ಹೆದ್ದಾರಿಯ ಬದಿಗೆ, ಇಂದು ಗಾಜಿನ ಕಚೇರಿಗಳು ನಿಂತಿರುವ ನಿರ್ಲಾನ್ ನಾಲೆಡ್ಜ್ ಪಾರ್ಕಿನ ಜಾಗದಲ್ಲಿ, ಹಿಂದೆ ನಿರ್ಲಾನ್ ಕಾರಖಾನೆಯಿತ್ತು. ಅಲ್ಲಿ ನೈಲಾನ್ ನೂಲೂ ಟೈರಿನ ಒಡಲಿಗೆ ಸೇರುವ ದಾರವೂ ತಯಾರಾಗುತ್ತಿದ್ದುವು. ನೈಲಾನ್ ನುಣುಪು, ರಬ್ಬರಿಗೆ ತಾನಾಗಿ ಅಂಟದು. ಆದುದರಿಂದ ಇಂಥ ದಾರವನ್ನು ರಾಳ ಮತ್ತು ರಬ್ಬರಿನ ಹಾಲಿನ ದ್ರಾವಣದಲ್ಲಿ ಅದ್ದಿ ಕಾಯಿಸುತ್ತಾರೆ. ಟೈರನ್ನು ಅಚ್ಚಿನಲ್ಲಿ ಬೇಯಿಸುವಾಗ ಆ ಲೇಪವೂ ರಬ್ಬರೂ ಗಂಟು ಹಾಕಿಕೊಳ್ಳುವುವು. ತಂದೆಯವರ ಕಾಲದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ನಮ್ಮಲ್ಲಿ ಚಹಾ ಕುಡಿಯುತ್ತಿದ್ದರು. ಅವರ ಕೈಯ ದಾರ ಯಾವ ರಸ್ತೆಯಲ್ಲಿ ಓಡಿತೋ!

ಪ್ಲಾಸ್ಟಿಕ್ಕಿಗೂ ಇದೇ ಉಪಾಯವುಂಟು, ಗಂಧಕ ಮಾತ್ರ ಬೇಡ. ಸಾಮಾನ್ಯ ಪಾಲಿಥೀನ್ ನೂರಹತ್ತು ಡಿಗ್ರಿಯ ಸುಮಾರಿಗೆ ಕರಗಿಹೋಗುವುದು. ಪೆರಾಕ್ಸೈಡು ಬೆರೆಸಿ ಕಾಯಿಸಿಯೋ, ಇಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿಯೋ ಅದರ ಎಳೆಗಳನ್ನು ಬೆಸೆದರೆ ಕರಗಿ ಹರಿಯದು. ನಮ್ಮ ನೆರೆಯ ವಾಶಿಯಲ್ಲಿ ಅಣುಶಕ್ತಿ ಇಲಾಖೆಯವರು ಇಂಥ ಇಲೆಕ್ಟ್ರಾನ್ ಯಂತ್ರವನ್ನು ನಡೆಸಿದ್ದಾರೆ. ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿಯನ್ನು 70 ಡಿಗ್ರಿಯವರೆಗೆ ಕಾಯಲು ಬಿಡಬಹುದಾದರೆ, ಗಂಟುಹಾಕಿದ ಪಾಲಿಥೀನಿನ ಕೇಬಲು 90 ಡಿಗ್ರಿಯಲ್ಲಿ ವರ್ಷಗಟ್ಟಲೆ ದುಡಿಯುವುದು. ಶಾರ್ಟ್ ಸರ್ಕಿಟ್ ಆದ ಕ್ಷಣಮಾತ್ರಕ್ಕೆ 250 ಡಿಗ್ರಿಯನ್ನೂ ತಾಳುವುದು.

ಇನ್ನು ನಮ್ಮ ನಳಿಗೆಯ ಸಂಗತಿ. ಮರದ ರಬ್ಬರು ಅಡಿಗೆಯ ಅನಿಲವನ್ನೂ ಎಣ್ಣೆಯನ್ನೂ ಹೀರಿ ಉಬ್ಬುವುದರಿಂದ ಒಳಪದರಕ್ಕೆ ನೈಟ್ರೈಲ್ ಎಂಬ ಕೃತಕ ರಬ್ಬರನ್ನು ಬಳಸುತ್ತಾರೆ. ಅದಕ್ಕೂ ಅಡ್ಡಗಂಟು ಬೇಕು. ಆದರೆ ಕಾರಖಾನೆಯಲ್ಲಿ ಹಾಕಿದ ಗಂಟುಗಳಿಗೆ ವಿಷಯ ಮುಗಿಯುವುದಿಲ್ಲ. ಒಲೆಯ ಕಾವು ಮತ್ತು ಗಾಳಿಯ ಆಮ್ಲಜನಕ ಸೇರಿ ದಿನದಿನವೂ ಬೇಡದ ಹೊಸ ಗಂಟುಗಳನ್ನು ಹಾಕುತ್ತ ಹೋಗುವುವು. ಮೆತುವು ಕಳೆದು ನಳಿಗೆ ಸೆಡೆದುಕೊಳ್ಳುವುದು, ಬಾಗಿಸಿದಲ್ಲಿ ಸೀಳುವುದು. ಹಳೆಯ ಕುಕ್ಕರಿನ ಬಳೆ ಕಲ್ಲಿನಂತಾಗುವುದೂ ಹೀಗೆಯೇ. ಐದು ವರ್ಷಕ್ಕೊಮ್ಮೆ ನಳಿಗೆಯನ್ನು ಬದಲಿಸಿರೆಂದು ಅನಿಲ ಕಂಪೆನಿಗಳು ಹೇಳುವುದು ವ್ಯಾಪಾರಕ್ಕಾಗಿ ಎಂದು ನಾವು ತಿಳಿದಿದ್ದೆವು. ಆ ಅವಧಿ ಮನೆಯ ಒಲೆಗೆ ಸಾಕಾದೀತು. ಹದಿನಾರು ತಾಸು ಉರಿಯುವ ಹೋಟೇಲಿನ ಒಲೆಯ ಬಳಿ ಅಷ್ಟನ್ನೂ ನಂಬಬಾರದೆಂದು ನಮ್ಮ ಅಭಿಪ್ರಾಯ. ನಾವೀಗ ಎರಡು ವರ್ಷಕ್ಕೇ ತೆಗೆಸುತ್ತೇವೆ. ಹೋಟೇಲು ಬಂಧುಗಳು ಐ.ಎಸ್. 9573 ಎಂಬ ಗುರುತನ್ನೂ ತಯಾರಿಯ ಇಸವಿಯನ್ನೂ ಓದಿಯೇ ಕೊಳ್ಳಬೇಕು. ವಾರಕ್ಕೊಮ್ಮೆ ಒಲೆ ಆರಿದಾಗ ಸಾಬೂನಿನ ನೊರೆ ಸವರಿ ಗುಳ್ಳೆ ಏಳುವುದೇ ಎಂದು ನೋಡುವ ಕೆಲಸವನ್ನು, ಗಲ್ಲೆಯಿಂದೆದ್ದು, ಯಜಮಾನರೇ ಮಾಡುವುದು ಒಳ್ಳೆಯದು.

ಬಿರಿದ ನಳಿಗೆಯನ್ನು ಭಂಗಾರದವನಿಗೆ ಕೊಡಹೋದೆವು. ಒಡೆದ ಪ್ಲಾಸ್ಟಿಕ್ ಬುಟ್ಟಿಗಳನ್ನು ತೂಗಿ ಹಣ ಕೊಟ್ಟನು, ಇದನ್ನು ಮುಟ್ಟಲಿಲ್ಲ. ಬುಟ್ಟಿಯನ್ನು ಕರಗಿಸಿ ಇನ್ನೊಂದು ಬುಟ್ಟಿ ಮಾಡಬಹುದು. ಗಂಟು ಬಿದ್ದ ರಬ್ಬರು ಕರಗದೆ ಸುಡುವುದು. ಹಳೆಯ ಟೈರುಗಳನ್ನು ಪುಡಿಮಾಡಿ ಡಾಮರಿಗೆ ಸೇರಿಸಿ ರಸ್ತೆ ಹಾಕುವುದುಂಟು. ಒಂದು ಗಜದ ನಳಿಗೆಗೆ ಅಷ್ಟು ಶ್ರಮಪಡುವವರಾರು? ಅದು ಈಗಲೂ ನಮ್ಮ ಅಡಿಗೆಮನೆಯ ಮೊಳೆಯಲ್ಲಿಯೇ ಇದೆ.